ಒಂದೇ ಪಾವು ಮಂಡಕ್ಕಿ: ಪರಿಮಾಣದ ಅರಿವು ಮತ್ತು ಮಗುವಿನ ಮನೆ

ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅದರ ಸುತ್ತಿನ ತಾಂಡಾದ ಮಕ್ಕಳೂ ಅಡಿಕೆ ತೋಟವಿರುವ ಮನೆಯ ಮಕ್ಕಳೂ ಒಂದೇ ನಲಿಕಲಿ ಕೊಠಡಿಯಲ್ಲಿ ಕೂರುವ ಶಾಲೆಯಲ್ಲಿ ನನ್ನ ಅಭ್ಯಾಸ ಪಾಠಗಳು ನಡೆದವು. ತಾಂಡಾದ ಮಕ್ಕಳ ಹೆಸರಿನ ಮುಂದೆ ‘ಸಂಖ್ಯಾ ಪರಿಕಲ್ಪನೆ ಮೂಡಿಲ್ಲ’ ಎಂಬ ಷರಾ ಬರೆಯುವುದು ರೂಢಿ. ಆ ಷರಾ ನಿಲ್ಲುತ್ತದೆಯೇ ಎಂದು ನೋಡುವುದು ನನ್ನ ಉದ್ದೇಶವಾಗಿತ್ತು.

ಮೊದಲು ಪಿಯಾಜೆಯ ಪರಿಚಿತ ಚಟುವಟಿಕೆ. ಐದೈದು ಹುಣಸೆ ಬೀಜಗಳ ಎರಡು ಸಾಲು ಜೋಡಿಸಿ ‘ಎರಡೂ ಸಮವೇ?’ ಎಂದು ಕೇಳಿದೆ. ಒಂದು ಸಾಲನ್ನು ಅಗಲಿಸಿ ಮತ್ತೆ ಅದನ್ನೇ ಕೇಳಿದೆ. ತೋಟದ ಮನೆಯ ಹುಡುಗ ‘ಎರಡೂ ಅಷ್ಟೇ’ ಎಂದ. ತಾಂಡಾದ ಹುಡುಗಿ ಅಗಲಿಸಿದ ಸಾಲು ತೋರಿಸಿ ‘ಇದು ಜಾಸ್ತಿ’ ಎಂದಳು. ಷರಾ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ಪೆನ್ನು ತೆಗೆಯುತ್ತಾರೆ.

ಆದರೆ 1974ರಲ್ಲಿ ರೋಸ್ ಮತ್ತು ಬ್ಲಾಂಕ್ ಈ ಪ್ರಶ್ನೆಯನ್ನು ಬದಲಾವಣೆಯ ನಂತರ ಒಂದೇ ಸಲ ಕೇಳಿದಾಗ ಹೆಚ್ಚು ಮಕ್ಕಳು ಸರಿ ಉತ್ತರ ಕೊಟ್ಟರು. ದೊಡ್ಡವರು ಮತ್ತೆ ಕೇಳಿದರೆಂದರೆ ಉತ್ತರ ಬದಲಿಸಬೇಕು ಎಂದು ಮಗು ಎಣಿಸುತ್ತದೆ. ಉತ್ತರ ಗೊತ್ತಿದ್ದೂ ಕೇಳುವ ‘ಇದ್ಯಾವ ಬಣ್ಣ ಪುಟ್ಟಾ?’ ಎಂಬಂಥ ಪ್ರಶ್ನೆ ಕೆಲವು ಮನೆಗಳಲ್ಲಿ ದಿನದ ಆಟ. ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಅದಕ್ಕೆ ಬಿಡುವಿಲ್ಲ. ಮೇಲಾಗಿ ಲಂಬಾಣಿ ಮನೆಮಾತಿನ ಮಗುವಿಗೆ ‘ಸಮ’ ಶಾಲೆಯಲ್ಲಷ್ಟೇ ಕೇಳುವ ಪದ.

ಯೋಜನೆಯಂತೆ ಮರುದಿನ ಪಾವು, ಮಂಡಕ್ಕಿ ತಂದೆ. ಒಂದು ಪಾವು ಅಳೆದು ಅಗಲದ ತಟ್ಟೆಗೆ, ಇನ್ನೊಂದು ಪಾವು ಉದ್ದದ ಲೋಟಕ್ಕೆ ಸುರಿದು, ‘ನಿಮ್ಮಣ್ಣನಿಗೆ ಇದು, ನಿನಗೆ ಇದು. ಜಗಳ ಬರುತ್ತಾ?’ ಎಂದು ಒಮ್ಮೆ ಮಾತ್ರ ಕೇಳಿದೆ. ಅದೇ ಹುಡುಗಿ ನಕ್ಕಳು: ‘ಒಂದೊಂದೇ ಪಾವು ಅಲ್ವಾ ಮಿಸ್, ಎದ್ರಾಗ್ ಹಾಕಿದ್ರೂ ಅಷ್ಟೇ.’ ಹುಡುಗನಿಗೆ ಲೋಟದ್ದೇ ಹೆಚ್ಚು ಕಂಡಿತು. ಅವನ ಮನೆಗೆ ಮಂಡಕ್ಕಿ ಪೊಟ್ಟಣದಲ್ಲಿ ಬರುತ್ತದೆ. ಇಬ್ಬರು ಮಕ್ಕಳಿಂದ ವರ್ಗದ ಬಗ್ಗೆ ನಿಯಮ ಹೊರಡಿಸಲಾಗದು, ಒಂದು ಷರಾವನ್ನು ತಡೆಹಿಡಿಯಬಹುದು.

ಬ್ರೆಜಿಲಿನ ರೆಸಿಫೆಯಲ್ಲಿ ನೂನೆಸ್, ಕಾರಾಹೆರ್, ಶ್ಲೀಮನ್ 1985ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದರ ಜೊತೆಗಿಟ್ಟು ಓದಬೇಕು. ಹತ್ತು ತೆಂಗಿನಕಾಯಿಯ ಬೆಲೆಯನ್ನು ಹುಡುಗನೊಬ್ಬ ಮೂರು ಮೂರು ಕಾಯಿಯ ಬೆಲೆ ಕೂಡಿಸುತ್ತ ಬಾಯಲ್ಲೇ ಹೇಳಿದ. ಮಾರುಕಟ್ಟೆಯಲ್ಲಿ ಆ ಮಕ್ಕಳ ಉತ್ತರ ಶೇ. 98ರಷ್ಟು ಸರಿ, ಅಂಥವೇ ಲೆಕ್ಕ ಬರೀ ಅಂಕಿಗಳಾಗಿ ಬಂದಾಗ ಶೇ. 37ರಷ್ಟು.

ನನ್ನ ತರಗತಿಯಲ್ಲೂ ಅಂತರ ಉಳಿದದ್ದು ಬರಹದಲ್ಲಿ. ಹನ್ನೆರಡು ಬೀಜ ಎಣಿಸಿದ ಹುಡುಗಿ ಸ್ಲೇಟಿನಲ್ಲಿ 102 ಬರೆದಳು. ಮುಂದಿನ ಮೂರು ಪಾಠ ಹತ್ತರ ಕಟ್ಟು, ಬಿಡಿಗಳಿಗೇ ಮೀಸಲಿಟ್ಟೆ. ಅವಲೋಕನ ಪತ್ರದಲ್ಲಿ ‘ಪರಿಕಲ್ಪನೆ’, ‘ಬರಹ’ ಎಂದು ಎರಡು ಕಲಂ ಮಾಡಿದೆ.