*ಇಂದಿನ ಧಮ್ಮ ಚಿಂತನೆ: ನಿರಾಶೆಯೋ, ಎಚ್ಚರವೋ?*





"ನೀವು ಬೌದ್ಧರು ಯಾವಾಗ ನೋಡಿದರೂ ದುಃಖ, ದುಃಖ ಎನ್ನುತ್ತೀರಿ. ಸ್ವಲ್ಪ ಒಳ್ಳೆಯದನ್ನೂ ನೋಡಿ." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬಾಬಾಸಾಹೇಬರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಆರಂಭದಲ್ಲೇ ಅದನ್ನು ಎತ್ತುತ್ತಾರೆ: ಎಲ್ಲವೂ ದುಃಖವೇ ಆದರೆ ಮನುಷ್ಯನಿಗೆ ಭರವಸೆ ಎಲ್ಲಿ? ಉತ್ತರವೂ ಅದೇ ಗ್ರಂಥದಲ್ಲಿದೆ. ದುಃಖ ಇದೆ ಎಂದು ಒಪ್ಪುವುದು ಧಮ್ಮದ ಒಂದು ಭಾಗ; ಅದನ್ನು ತೊಲಗಿಸುವುದು ಅಷ್ಟೇ ಮುಖ್ಯವಾದ ಇನ್ನೊಂದು ಭಾಗ.

*ನಮ್ಮೂರಿನ ಉದಾಹರಣೆ*
2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಕುಮಟಾದಾಚೆ, ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು. ಮಳೆಗಾಲದಲ್ಲಿ "ಏನೂ ಆಗೋದಿಲ್ಲ ಬಿಡಿ" ಎನ್ನುವುದು ಸುಲಭ. ಆ ಆಶಾವಾದಕ್ಕೆ ಬೆಲೆ ತೆರುವವರು ಮಾತ್ರ ಗುಡ್ಡದ ಬುಡದಲ್ಲಿ ಇರುವವರು. "ಈ ಗುಡ್ಡ ಜಾರಬಹುದು" ಎಂದು ಮೊದಲೇ ಹೇಳುವವನು ಅಪಶಕುನ ನುಡಿಯುತ್ತಿಲ್ಲ, ಜೀವ ಉಳಿಸುತ್ತಿದ್ದಾನೆ.

*ಸಮಾಜವೂ ಹಾಗೆಯೇ*
"ಈಗ ಜಾತಿ ಎಲ್ಲಿದೆ?" ಎಂದು ಕೇಳುವವರು ಸಾಮಾನ್ಯವಾಗಿ ಗುಡ್ಡದ ಮೇಲೆ ಮನೆ ಕಟ್ಟಿಕೊಂಡವರು. 1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರಕ್ಕೆ ಒಂದೇ ದಿನ ಮೊದಲು, ಎಲ್ಲರೂ ಸಂಭ್ರಮದಲ್ಲಿದ್ದಾಗ ಬಾಬಾಸಾಹೇಬರು ಎಚ್ಚರಿಕೆ ಕೊಟ್ಟರು: ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಆದರೆ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೆಯೇ ಉಳಿಯುತ್ತದೆ. ಸಮಾಜ ತಾನಾಗಿಯೇ ಒಳ್ಳೆಯದಾಗುತ್ತದೆ ಎಂದು ನಂಬಿ ಕೂತಿದ್ದರೆ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಬೇಕಿರಲಿಲ್ಲ. ಹಕ್ಕು ಕಸಿದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ಬಿಡುವ 32ನೇ ವಿಧಿಯೂ ಬೇಕಿರಲಿಲ್ಲ. ಆ ಸಂಶಯವೇ ನಮಗೆ ಕಾವಲಾಯಿತು.

*ಆದರೆ ಒಂದು ಗಡಿ ಇದೆ*
"ಏನು ಮಾಡಿದರೂ ಅಷ್ಟೇ, ನಮ್ಮ ಹಣೆಬರಹ" ಎಂಬುದು ಎಚ್ಚರವಲ್ಲ, ಶರಣಾಗತಿ. ನಾವು ಬಿಟ್ಟು ಬಂದದ್ದೇ ಆ ಹಣೆಬರಹವನ್ನು. 1935ರಲ್ಲಿ ಯೇವಲಾದಲ್ಲಿ ಮಾಡಿದ ಘೋಷಣೆ 1956ರಲ್ಲಿ ನಾಗಪುರದ ದೀಕ್ಷೆಯಾಗಲು 21 ವರ್ಷ ಬೇಕಾಯಿತು. ಸಮಾಜದ ಬಗ್ಗೆ ಭ್ರಮೆ ಇಲ್ಲದವರೇ ಅಷ್ಟು ಕಾಲ ದುಡಿಯಬಲ್ಲರು.

ಬುದ್ಧರು ಕೊನೆಯದಾಗಿ ಬೋಧಿಸಿದ್ದು ಅಪ್ಪಮಾದ, ಅಂದರೆ ಮೈಮರೆಯದಿರುವುದು. ಇದ್ದದ್ದನ್ನು ಇದ್ದಂತೆ ನೋಡು, ಆಮೇಲೆ ಕೈಲಾದದ್ದನ್ನು ಮಾಡು.

*ಇಂದಿನ ಅಭ್ಯಾಸ:* "ಸರಿಹೋಗುತ್ತೆ ಬಿಡು" ಎಂದು ನಾವು ಮುಂದೂಡುತ್ತಿರುವ ಒಂದು ವಿಷಯ ಯಾವುದು? ಮಗುವಿನ ವಿದ್ಯಾರ್ಥಿವೇತನದ ಅರ್ಜಿಯೇ, ಮನೆಯ ಹಿಂದಿನ ಧರೆಯೇ, ಕೇರಿಯ ನೀರೇ? ಇಂದು ಅದಕ್ಕೆ ಒಂದು ಹೆಜ್ಜೆ ಇಡೋಣ.

ಭವತು ಸಬ್ಬ ಮಂಗಲಂ 🌼