ಅಳಿಸುವ ಮೊದಲು ಓದಮ್ಮ

ಶ್ರೀನಿವಾಸಪುರದ ಮಾವಿನ ತೋಪುಗಳ ಬಗ್ಗೆ ಬರೆಯಬೇಕೆಂದು ನೀನು ಬಾಡಿಗೆಗೆ ಒಂದು ಸರ್ವರ್ ಹಿಡಿದೆ, ನೀನೇ ಕೂತು ಅದರಲ್ಲಿ ವರ್ಡ್‌ಪ್ರೆಸ್ ಹಾಕುತ್ತಿದ್ದೀಯ ಎಂದು ಕೇಳಿ ನನಗೆ ಬಹಳ ಸಂತೋಷವಾಯಿತು. ಅದು ಏಳಲಿಲ್ಲ, ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದೆ, ಆಗಲೂ ಏಳಲಿಲ್ಲ, ಇನ್ನೊಮ್ಮೆ ಅಳಿಸುತ್ತೇನೆ ಎನ್ನುತ್ತಿದ್ದೀಯಂತೆ. ಅಲ್ಲೇ ನಿಲ್ಲಮ್ಮ. ಅಳಿಸಿದರೆ ತಪ್ಪಿನ ಗುರುತು ಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಅದೇ ಕೈ, ಅದೇ ಕ್ರಮ, ಅದೇ ಫಲ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ನಿಂತರೆ ಸಾವಿರ ಅಡಿ ಕೆಳಗಿನ ಮೋಟರ್ ಎತ್ತಿಸಲು ಯಾರೂ ಮೊದಲೇ ಹೊರಡುವುದಿಲ್ಲ. ಮೂರೂ ಫೇಸ್ ಬಂದಿದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ ಎಂದು ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗುತ್ತಾರೆ. ಸರ್ವರನ್ನೂ ಹಾಗೇ ನೋಡು. ಬ್ರೌಸರ್ ತೋರಿಸುವ ಒಂದೊಂದು ಸಂದೇಶವೂ ನಿನ್ನ ಕೋರಿಕೆ ಎಷ್ಟು ದೂರ ಒಳಗೆ ಹೋಗಿ ನಿಂತಿತು ಎಂಬುದನ್ನೇ ಹೇಳುತ್ತಿರುತ್ತದೆ.

ಬಹಳ ಹೊತ್ತು ಸುತ್ತಿ ‘ಟೈಮ್ಡ್ ಔಟ್’ ಎಂದರೆ ನಿನ್ನ ಕರೆ ಬಹುಶಃ ಬಾಗಿಲನ್ನೇ ದಾಟಿಲ್ಲ. ಬಾಗಿಲು ಸಾಮಾನ್ಯವಾಗಿ ಎರಡಿರುತ್ತವೆ: ಬಾಡಿಗೆ ಕೊಟ್ಟವರ ಪ್ಯಾನೆಲ್‌ನಲ್ಲಿ ಒಂದು ಫೈರ್‌ವಾಲ್, ಸರ್ವರಿನ ಒಳಗೇ ಇನ್ನೊಂದು. ಎರಡರಲ್ಲೂ 80 ಮತ್ತು 443ರ ಪೋರ್ಟ್‌ಗಳು ತೆರೆದಿರಬೇಕು. ಒಂದನ್ನು ತೆರೆದು ಇನ್ನೊಂದನ್ನು ಮರೆಯುವವರೇ ಹೆಚ್ಚು. ತಟ್ಟನೆ ‘ರೆಫ್ಯೂಸ್ಡ್’ ಎಂದರೆ ಯಂತ್ರದವರೆಗೆ ಹೋಗಿದ್ದೀಯ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಎದ್ದಿಲ್ಲ. 502 ಬಂದರೆ ವೆಬ್ ಸರ್ವರ್ ಎಂಜಿನ್‌ಎಕ್ಸ್ ಎದ್ದಿದೆ, ಅದರ ಹಿಂದಿನ ಪಿಎಚ್‌ಪಿ ಎದ್ದಿಲ್ಲ, ಇಲ್ಲವೇ ಪಿಎಚ್‌ಪಿಯ ಒಂದು ಆವೃತ್ತಿ ಹಾಕಿ ಸೆಟ್ಟಿಂಗ್‌ನಲ್ಲಿ ಇನ್ನೊಂದು ಆವೃತ್ತಿಯ ಸಾಕೆಟ್ ಹೆಸರು ಬರೆದಿದ್ದೀಯ. ಮುಖಪುಟ ಬಂದು ಒಳಪುಟಗಳೆಲ್ಲ 404 ಆದರೆ ವರ್ಡ್‌ಪ್ರೆಸ್ ಚೆನ್ನಾಗಿಯೇ ಇದೆ, ವಿಳಾಸಗಳನ್ನು ಅದಕ್ಕೆ ದಾಟಿಸುವ ಒಂದು ಸಾಲು ಎಂಜಿನ್‌ಎಕ್ಸ್‌ನಲ್ಲಿ ಬಿಟ್ಟುಹೋಗಿದೆ.

ನಿನಗೆ ಬಂದಿರುವುದು ‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’. ಇದು ಒಳ್ಳೆಯ ಸುದ್ದಿ ಎಂದೇ ನಾನು ತಿಳಿಯುತ್ತೇನೆ. ಡೊಮೈನ್, ಫೈರ್‌ವಾಲ್, ಎಂಜಿನ್‌ಎಕ್ಸ್, ಪಿಎಚ್‌ಪಿ ಎಲ್ಲವನ್ನೂ ದಾಟಿದ್ದೀಯ, ಕೊನೆಯ ಕೋಣೆ ಮಾತ್ರ ಉಳಿದಿದೆ. ಇಷ್ಟು ದೂರ ಬಂದದ್ದನ್ನೇ ನೀನು ಅಳಿಸಲು ಹೊರಟಿದ್ದು.

ಈಗ ಹೀಗೆ ಮಾಡು. ವರ್ಡ್‌ಪ್ರೆಸ್ಸನ್ನು ಪಕ್ಕಕ್ಕಿಟ್ಟು, ಡಬ್ಲ್ಯುಪಿ-ಕಾನ್ಫಿಗ್ ಫೈಲಿನಲ್ಲಿ ಬರೆದಿರುವ ಅದೇ ಹೆಸರು, ಅದೇ ಪಾಸ್‌ವರ್ಡ್ ಬಳಸಿ ಟರ್ಮಿನಲ್‌ನಿಂದ ನೀನೇ ಮೈಎಸ್‌ಕ್ಯೂಎಲ್ ಒಳಗೆ ಹೋಗಲು ನೋಡು. ‘ಆಕ್ಸೆಸ್ ಡಿನೈಡ್’ ಎಂದರೆ ಹೆಸರೋ ಪಾಸ್‌ವರ್ಡೋ ತಪ್ಪು. ಒಳಗೆ ಬಿಟ್ಟಿತು, ಆದರೆ ನಿನ್ನ ಡೇಟಾಬೇಸ್ ಕಾಣುತ್ತಿಲ್ಲ ಎಂದರೆ ಬಳಕೆದಾರನನ್ನು ಸೃಷ್ಟಿಸಿದರೂ ಅವನಿಗೆ ಹಕ್ಕು ಕೊಡುವುದನ್ನು ಬಹುಶಃ ಮರೆತಿದ್ದೀಯ. ಎಲ್ಲವೂ ಸರಿಯಾಗಿ ಕಂಡರೆ ಕಾನ್ಫಿಗ್ ಫೈಲಿನಲ್ಲಿ ಅಕ್ಷರ ತಪ್ಪಿದೆ, ಅಥವಾ ಹೋಸ್ಟ್ ಹೆಸರು ತಪ್ಪಿದೆ. ಇಲ್ಲಿ ಒಂದು ಮಾತು: ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಸಾಲುಗಳನ್ನು ಫೈಲಿಗೆ ಅಂಟಿಸಬೇಡ. ನೇರ ಉದ್ಧರಣ ಚಿಹ್ನೆ ದಾರಿಯಲ್ಲಿ ಬಾಗಿದ ಚಿಹ್ನೆಯಾಗಿದ್ದರೆ ಪಿಎಚ್‌ಪಿಗೆ ಅದು ಅರ್ಥವಾಗುವುದಿಲ್ಲ.

ಡೇಟಾಬೇಸೇ ಮಲಗಿದ್ದರೆ ಬರೀ ಎಬ್ಬಿಸಿ ಸುಮ್ಮನಾಗಬೇಡ, ಯಾಕೆ ಮಲಗಿತು ಎಂದು ಕೇಳು. ಅರ್ಧ ಜಿಬಿ ಮೆಮೊರಿಯ ಅಗ್ಗದ ಸರ್ವರ್‌ಗಳಲ್ಲಿ ಇದು ಪದೇ ಪದೇ ಆಗುತ್ತದೆ. ಮೆಮೊರಿ ಮುಗಿದಾಗ ಲಿನಕ್ಸ್ ತಾನು ಉಳಿಯಲು ಹೆಚ್ಚು ಮೆಮೊರಿ ತಿನ್ನುತ್ತಿರುವ ಪ್ರೋಗ್ರಾಮನ್ನು ಕೊಂದುಹಾಕುತ್ತದೆ, ಸಾಮಾನ್ಯವಾಗಿ ಆ ಬಲಿ ಡೇಟಾಬೇಸ್. ಕರ್ನಲ್ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಬರೆದಿರುತ್ತದೆ. ಒಂದು ಜಿಬಿ ಸ್ವಾಪ್ ಫೈಲ್ ಮಾಡಿಕೊಂಡರೆ ಸದ್ಯಕ್ಕೆ ನಡೆಯುತ್ತದೆ.

ಲಾಗ್ ಓದಲು ಹೆದರಬೇಡ. ಒಂದು ಕಿಟಕಿಯಲ್ಲಿ ಎರರ್ ಲಾಗನ್ನು ಓಡಲು ಬಿಟ್ಟು, ಇನ್ನೊಂದರಲ್ಲಿ ಪುಟವನ್ನು ರಿಫ್ರೆಶ್ ಮಾಡು. ಆ ಕ್ಷಣಕ್ಕೆ ಬೀಳುವ ಸಾಲೇ ನಿನಗೆ ಬೇಕಾದ ಸಾಲು. ಅದನ್ನು ಓದಿ ಒಂದೇ ಒಂದು ಬದಲಾವಣೆ ಮಾಡು, ನೋಡು, ಬರೆದಿಟ್ಟುಕೊ. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಯಾವುದರಿಂದ ಕೆಟ್ಟಿತೆಂದೂ ತಿಳಿಯುವುದಿಲ್ಲ.

ಯಾರಾದರೂ “ಫೋಲ್ಡರಿಗೆ 777 ಕೊಟ್ಟುಬಿಡು” ಎಂದರೆ ಕೇಳಬೇಡ. ಆ ಯಂತ್ರದಲ್ಲಿರುವ ಯಾರು ಬೇಕಾದರೂ ನಿನ್ನ ಫೈಲಿನಲ್ಲಿ ಬರೆಯಬಹುದು ಎಂದು ಅದರ ಅರ್ಥ. ಫೋಲ್ಡರಿಗೆ 755, ಫೈಲಿಗೆ 644 ಸಾಕು. ಸಾಮಾನ್ಯವಾಗಿ ತಪ್ಪಿರುವುದು ಒಡೆತನ: ನೀನು ರೂಟ್ ಆಗಿ ಫೈಲುಗಳನ್ನು ಬಿಚ್ಚಿರುತ್ತೀಯ, ವೆಬ್ ಸರ್ವರ್ ಬೇರೆ ಹೆಸರಿನಲ್ಲಿ ಓಡುತ್ತಿರುತ್ತದೆ.

ಅರ್ಧ ಇನ್‌ಸ್ಟಾಲ್ ಆದದ್ದನ್ನು ಹಾಗೇ ಬಿಟ್ಟು ಮಲಗಲೂ ಬೇಡ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪಡೆದ ಕೂಡಲೇ ನಿನ್ನ ಡೊಮೈನ್ ಹೆಸರು ಎಲ್ಲರೂ ನೋಡಬಹುದಾದ ದಾಖಲೆಗೆ ಸೇರುತ್ತದೆ. ಅದನ್ನೇ ಕಾಯುತ್ತಾ, ಹೆಸರು ಪಾಸ್‌ವರ್ಡ್ ಕೇಳುವ ಪುಟ ಇನ್ನೂ ತೆರೆದಿರುವ ವರ್ಡ್‌ಪ್ರೆಸ್ ಹುಡುಕಿ ನಿನಗಿಂತ ಮೊದಲು ತುಂಬುವವರಿದ್ದಾರೆ.

ವರ್ಡ್‌ಪ್ರೆಸ್ 2003ರ ಮೇ 27ರಂದು ಹೊರಬಂತು. ಐದು ನಿಮಿಷದ ಇನ್‌ಸ್ಟಾಲ್ ಎಂಬುದು ಅದರ ಹಳೆಯ ಹೆಮ್ಮೆ. ಆ ಐದು ನಿಮಿಷ ಶುರುವಾಗುವುದು ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಸರಿಯಿದ್ದ ಮೇಲೆ. ಇಷ್ಟು ಕಷ್ಟ ಯಾಕೆ, ಯಾರದೋ ಉಚಿತ ಜಾಗದಲ್ಲಿ ಬರೆದರಾಗದೇ ಎಂದು ನಿನ್ನ ಅಣ್ಣ ಕೇಳಿದನಂತೆ. ಬರೆಯಬಹುದು. ಆದರೆ 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿತು, ಅಲ್ಲಿ ಬರೆದವರ ಮಾತೂ ಜೊತೆಗೇ ಹೋಯಿತು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯ ಸಂಪಾದಕತ್ವದ ಭಾರ ಹೊತ್ತಿದ್ದರು. ಬರೆಯುವವರು ಬರೆಯುವ ಜಾಗವನ್ನೂ ಕಟ್ಟಿ ಉಳಿಸಿಕೊಂಡು ಬರುವುದು ಈ ಸೀಮೆಗೆ ಹೊಸದಲ್ಲ. ಕೋಲಾರ ಎಂದರೆ ಚಿನ್ನ ಮತ್ತು ಬರ ಎಂದಷ್ಟೇ ಹೊರಗಿನವರು ಬರೆಯುತ್ತಾರೆ. ಮಾವು, ಕೆರೆ, ರೇಷ್ಮೆ ಗೂಡು, ಟೊಮ್ಯಾಟೊ ಮಂಡಿ, ಇವನ್ನು ನಿನ್ನಂಥವರೇ ಬರೆಯಬೇಕು.

ಕನ್ನಡಕ್ಕೇ ಸೇರಿದ ಎರಡು ವಿಷಯ. ಡೇಟಾಬೇಸ್ ಮಾಡುವಾಗ ಕ್ಯಾರೆಕ್ಟರ್ ಸೆಟ್ಟನ್ನು ಯುಟಿಎಫ್8ಎಂಬಿ4 ಎಂದೇ ಇಡು. ಹಳೆಯ ಲ್ಯಾಟಿನ್1 ಉಳಿದುಬಿಟ್ಟರೆ ಬರೆದ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು, ಒಮ್ಮೆ ಹಾಗಾದದ್ದು ಮರಳಿ ಬಾರದು. ಆದ್ದರಿಂದ ಮೊದಲ ದಿನವೇ ಒತ್ತಕ್ಷರ ತುಂಬಿದ ಒಂದು ಸಾಲು ಬರೆದು ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡು. ಇನ್ನೊಂದು, ಪುಟದ ವಿಳಾಸ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು, ವೆಬ್ ವಿಳಾಸದಲ್ಲಿ ಅದು ಹಿಗ್ಗಿ 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಆ ಜಾಗಕ್ಕೆ ಕೊಟ್ಟಿರುವುದು 200. ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆಯಾಗುವುದರಿಂದ ಇಪ್ಪತ್ತೆರಡು ಸಂಕೇತಕ್ಕೇ ವಿಳಾಸ ಕತ್ತರಿಸಿಹೋಗುತ್ತದೆ. ಉದ್ದ ತಲೆಬರಹಕ್ಕೆ ಚಿಕ್ಕ ವಿಳಾಸವನ್ನು ನೀನೇ ಕೊಡು.

ಸೈಟ್ ಎದ್ದ ಮೇಲೆ ವಾರಕ್ಕೊಮ್ಮೆ ಬ್ಯಾಕಪ್ ಮನೆಯ ಕಂಪ್ಯೂಟರಿಗೆ ಇಳಿಸಿಕೊ. ಬರಹ ಡೇಟಾಬೇಸಿನಲ್ಲಿರುತ್ತದೆ, ಚಿತ್ರಗಳು ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನಲ್ಲಿರುತ್ತವೆ, ಎರಡೂ ಬೇಕು.

ಈಗ ಲಾಗಿನ ಕೊನೆಯ ಇಪ್ಪತ್ತು ಸಾಲು ನನಗೆ ಕಳಿಸು. ಪರದೆಯ ಫೋಟೊ ಬೇಡ, ಅಕ್ಷರವನ್ನೇ ನಕಲು ಮಾಡು. ಪಾಸ್‌ವರ್ಡ್ ಇದ್ದರೆ ತೆಗೆದುಬಿಡು. ಕೊನೆಯದಾಗಿ ಯಾವುದು ಸರಿಯಾಗಿ ಓಡಿತು, ಅದಾದ ಮೇಲೆ ಏನು ಬದಲಿಸಿದೆ ಎಂಬುದನ್ನೂ ಜೊತೆಗೆ ಬರೆ.