ಪ್ರಯೋಗಾಲಯ ಸಹಾಯಕರ ತರಬೇತಿ: ಉದ್ಯಮಿಗಳ ಹೊಣೆ ಮತ್ತು ಲೆಕ್ಕ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿಯ ವಿಜ್ಞಾನ ಓದಿದ ಯುವಜನರಲ್ಲಿ ಅನೇಕರು ಕೆಲಸ ಅರಸಿ ಬೆಂಗಳೂರಿಗೆ ತೆರಳುತ್ತಾರೆ. ಇತ್ತ ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳು ‘ಅನುಭವವುಳ್ಳವರು ದೊರೆಯುವುದಿಲ್ಲ’ ಎನ್ನುತ್ತಾರೆ. ಅನುಭವ ದೊರೆಯಬೇಕಾದ ಸ್ಥಳ ಕಾರ್ಖಾನೆಯೇ ಎಂಬುದನ್ನು ಮರೆಯಲಾಗುತ್ತಿದೆ.

ಐ.ಟಿ.ಐ.ಗಳಲ್ಲಿ ಪ್ರಯೋಗಾಲಯ ಸಹಾಯಕ (ರಾಸಾಯನಿಕ ಸ್ಥಾವರ) ಎಂಬ ಎರಡು ವರ್ಷಗಳ ವೃತ್ತಿ ತರಬೇತಿಯಿದೆ. ಮಾದರಿ ಸಂಗ್ರಹ, ದ್ರಾವಣ ತಯಾರಿಕೆ, ಉಪಕರಣಗಳ ನಿರ್ವಹಣೆ, ಫಲಿತಾಂಶ ದಾಖಲೆ ಇದರ ತಿರುಳು. ಇವು ಪಕ್ವವಾಗುವುದು ಅಪ್ರೆಂಟಿಸ್ ತರಬೇತಿಯಲ್ಲಿ.

1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಯು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯುಳ್ಳ ಘಟಕಗಳಿಗೆ ಇದು ಐಚ್ಛಿಕ.

ಉದಾಹರಣೆಗೆ, 40 ಸಿಬ್ಬಂದಿಯ ಘಟಕವು 1ರಿಂದ 6 ಮಂದಿಯನ್ನು ತೆಗೆದುಕೊಳ್ಳಬೇಕು. ಒಬ್ಬರ ಮಾಸಿಕ ಶಿಷ್ಯವೇತನ ರೂ. 8,000 ಎಂದಿಟ್ಟುಕೊಳ್ಳೋಣ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರದ ಪಾಲು ಶೇ. 25, ಗರಿಷ್ಠ ಮಿತಿ ರೂ. 1,500. ಈ ಮೊತ್ತವನ್ನು 2023ರಿಂದ ನೇರವಾಗಿ ಅಭ್ಯರ್ಥಿಯ ಖಾತೆಗೆ ಜಮೆ ಮಾಡಲಾಗುತ್ತಿದೆ. ಮಾಲೀಕರ ಪಾಲು ತಿಂಗಳಿಗೆ ರೂ. 6,500, ವರ್ಷಕ್ಕೆ ರೂ. 78,000.

ಅಪ್ರೆಂಟಿಸ್ ತರಬೇತಿದಾರನೇ ಹೊರತು ಕಾರ್ಮಿಕನಲ್ಲ. ಆದ್ದರಿಂದ ಭವಿಷ್ಯನಿಧಿ, ಇ.ಎಸ್.ಐ. ವಂತಿಗೆ ಅನ್ವಯಿಸುವುದಿಲ್ಲ. ಆದರೆ ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದೇ. ಒಪ್ಪಂದವನ್ನು ಪೋರ್ಟಲ್‌ನಲ್ಲಿ ನೋಂದಾಯಿಸಿ, ಶಿಷ್ಯವೇತನವನ್ನು ಬ್ಯಾಂಕ್ ಮೂಲಕವೇ ಪಾವತಿಸತಕ್ಕದ್ದು.

ತರಬೇತಿ ಮುಗಿಸಿದವರ ನೇಮಕಾತಿಗೆ ಪ್ರತಿ ಮಾಲೀಕರೂ ತಮ್ಮದೇ ನೀತಿ ರೂಪಿಸಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ. ಆ ನೀತಿ ಕಡತದಲ್ಲಿಯೇ ಉಳಿದರೆ, ಕಲಿಸಿದ ಕೈ ಮತ್ತೊಬ್ಬರ ಕಾರ್ಖಾನೆ ಸೇರುತ್ತದೆ; ವೆಚ್ಚ ಮಾತ್ರ ನಮ್ಮ ಲೆಕ್ಕದಲ್ಲಿ ಉಳಿಯುತ್ತದೆ.